ಹೂಮಳೆಗೆ ಮುಂಚೆ ನಮ್ಮ ತೋಟದಲ್ಲಿ

ಸಿದ್ದಾಪುರದ ಹತ್ತಿರ ನಮ್ಮದು ಎರಡು ಎಕರೆ ರೋಬಸ್ಟಾ ಕಾಫಿ ತೋಟ. ಮಾವ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಫೆಬ್ರವರಿ ನಡುವಿನ ಹೊತ್ತಿಗೆ ಕೊಯ್ಲು ಮುಗಿದು ಕಾಫಿ ಕಣದಲ್ಲಿ ಒಣಗುತ್ತಿರುತ್ತದೆ. ಸ್ವಲ್ಪ ಕೂರೋಣ ಅನ್ನಿಸುವ ಸಮಯ. ಆದರೆ ಮುಂದಿನ ವರ್ಷದ ಕಾಯಿ ನಿಲ್ಲುವುದೂ ಬಿಡುವುದೂ ಈ ಕೆಲವು ವಾರಗಳಲ್ಲೇ.

ಮೊದಲು ಹೆಕ್ಕುವ ಕೆಲಸ. ಗಿಡದಲ್ಲಿ ಉಳಿದ ಒಂದೆರಡು ಹಣ್ಣು, ದರಗಿನ (ಉದುರಿದ ಒಣ ಎಲೆಯ) ಕೆಳಗೆ ಬಿದ್ದ ಕಾಯಿ ಎಲ್ಲವನ್ನೂ ಆರಿಸುತ್ತೇವೆ. ಕಾಯಿಕೊರಕ ಹುಳ ಅದರಲ್ಲೇ ಉಳಿದು ಹೊಸ ಕಾಯಿಗೆ ಹೋಗುತ್ತದೆ. ತೂತು ಬಿದ್ದ ಕಾಯಿಗಳನ್ನು ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಅದ್ದಿ ಆಮೇಲೆ ಒಣಗಿಸುತ್ತೇನೆ. ದರಗನ್ನು ಮಾತ್ರ ಗುಡಿಸಿ ಹಾಕುವುದಿಲ್ಲ, ಬುಡಕ್ಕೇ ವಾಪಸ್ ಎಳೆಯುತ್ತೇನೆ. ಮಾರ್ಚ್ ಬಿಸಿಲಿಗೆ ನೆಲದ ತೇವ ಉಳಿಸುವುದು ಅದೇ ಅಲ್ವಾ?

ಆಮೇಲೆ ಗಿಡ ಕಸಿ, ಅಂದರೆ ಬೇಡದ ಕೊಂಬೆ ಸವರುವುದು. ಒಣಗಿದ ರೆಕ್ಕೆ (ಅಡ್ಡ ಕೊಂಬೆ), ಒಂದರ ಮೇಲೊಂದು ಹೆಣೆದುಕೊಂಡ ಸಣ್ಣ ಕಡ್ಡಿ, ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು, ಇಷ್ಟನ್ನು ತೆಗೆದು ಗಿಡದ ನಡುವಿಗೆ ಬೆಳಕು ಬಿಡಿಸುತ್ತೇನೆ. ರೋಬಸ್ಟಾದಲ್ಲಿ ಒಮ್ಮೆ ಕಾಯಿ ಬಿಟ್ಟ ಗೆಣ್ಣು ಮತ್ತೆ ಬಿಡುವುದಿಲ್ಲ. ಹೋದ ಮಳೆಗಾಲದಲ್ಲಿ ಬೆಳೆದ ಹಸಿರು ಗೆಣ್ಣಲ್ಲೇ ಈ ಸಲದ ಮೊಗ್ಗು. ಹಾಗಾಗಿ ಕತ್ತರಿ ಹಾಕುವ ಮೊದಲು ರೆಕ್ಕೆಯ ತುದಿ ನೋಡಬೇಕು. ಮೊದಲ ವರ್ಷ ಅದು ಗೊತ್ತಿಲ್ಲದೆ, ಉದ್ದ ಆಯಿತೆಂದು ತುದಿಗಳನ್ನೇ ಕತ್ತರಿಸಿದ್ದೆ. ಆ ಸಾಲಿನಲ್ಲಿ ಹೂವೇ ಕಾಣಲಿಲ್ಲ. ಈಗ ಮೊಗ್ಗು ದಪ್ಪವಾಗುವ ಮೊದಲೇ ಕಸಿ ಮುಗಿಸುತ್ತೇನೆ. ಆಮೇಲೆ ಗಿಡದ ಮಧ್ಯೆ ನುಗ್ಗಿದರೆ ಮೊಗ್ಗು ಉದುರುತ್ತದೆ.

ಇನ್ನು ನೀರು. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಂದರೆ ಪುಣ್ಯ. ಬಾರದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್. ಮೂರು ವರ್ಷದ ಹಿಂದೆ ಕೆರೆಯಲ್ಲಿ ನೀರು ಕಡಿಮೆ ಇತ್ತು. ಇದ್ದುದನ್ನು ಇಡೀ ತೋಟಕ್ಕೆ ಹಂಚೋಣ ಎಂದು ನೀರು ಚಿಮ್ಮುವ ಜೆಟ್ಟಿನ ಜಾಗವನ್ನು ಬೇಗ ಬೇಗ ಬದಲಿಸಿದೆ. ಎಲ್ಲೂ ಅರ್ಧ ಇಂಚು ಸರಿಯಾಗಿ ಬಿದ್ದಿರಲಿಲ್ಲ. ಮೊಗ್ಗು ಊದಿಕೊಂಡವು, ಗುಲಾಬಿ ಬಣ್ಣಕ್ಕೆ ತಿರುಗಿದವು, ಹಾಗೇ ಒಣಗಿದವು. ದಿನಾ ಬೆಳಿಗ್ಗೆ ಹೋಗಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಸುಮ್ನೆ ಬಿಟ್ಟಿದ್ದರೆ ಮೊಗ್ಗು ಮಳೆಗೆ ಕಾದಾದರೂ ಇರುತ್ತಿತ್ತು. ಅರೆಬರೆ ನೀರು ಕೊಟ್ಟು ಎಬ್ಬಿಸಿದ್ದು ನಾನೇ.

ಈಗ ಜೆಟ್ಟಿನ ಸುತ್ತ ಬೇರೆ ಬೇರೆ ದೂರದಲ್ಲಿ ನಾಲ್ಕು ಡಬ್ಬಿ ಇಡುತ್ತೇನೆ. ಬಾಯಿ, ತಳ ಎರಡೂ ಒಂದೇ ಅಗಲ ಇರುವ ಡಬ್ಬಿ ಆಗಬೇಕು. ಒಳಗೆ ಸ್ಕೇಲ್ ಇಟ್ಟು ನೋಡಿ, ಒಂದು ಇಂಚು ದಾಟಿದ ಮೇಲಷ್ಟೇ ಜೆಟ್ ಕದಲಿಸುವುದು. ಕೆರೆ ಸಾಲದಿದ್ದರೆ ಒಂದೇ ಎಕರೆಗೆ ಪೂರ್ತಿ ಕೊಡುತ್ತೇನೆ, ಇನ್ನೊಂದು ಎಕರೆ ಮಳೆಗೆ ಬಿಟ್ಟದ್ದು. ಪೂರ್ತಿ ನೀರು ಸಿಕ್ಕ ಗಿಡ ಎಂಟು ಹತ್ತು ದಿನದಲ್ಲಿ ಅರಳುತ್ತದೆ.

ಹೂ ಅರಳಿದ ದಿನಗಳಲ್ಲಿ ತೋಟದೊಳಗೆ ಯಾವ ಕೆಲಸವೂ ಇಲ್ಲ. ಔಷಧಿ ಹೊಡೆಯುವ ಮಾತೇ ಇಲ್ಲ. ರೋಬಸ್ಟಾ ಗಿಡಕ್ಕೆ ತನ್ನದೇ ಪರಾಗ ಆಗುವುದಿಲ್ಲ, ಬೇರೆ ಗಿಡದ್ದು ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ನಮ್ಮಲ್ಲಿ ಎರಡು ಜೇನು ಪೆಟ್ಟಿಗೆ ಇವೆ, ಅವು ಇರುವ ಕಡೆಗೆ ಆ ದಿನ ಮಕ್ಕಳನ್ನೂ ಬಿಡುವುದಿಲ್ಲ.

ಮಣ್ಣಿನ ಕೆಲಸವೂ ಈ ವಾರಗಳಲ್ಲೇ, ಹೂ ಅರಳಿದ ದಿನಗಳನ್ನು ಬಿಟ್ಟು. ಗೊಬ್ಬರ ಹಾಕುವ ಮೊದಲು ದರಗು ಸರಿಸಿ, ಒಂಬತ್ತು ಇಂಚು ಆಳದವರೆಗಿನ ಮಣ್ಣನ್ನು ಹತ್ತಾರು ಕಡೆಯಿಂದ ತೆಗೆದು ಬೆರೆಸಿ ಪರೀಕ್ಷೆಗೆ ಕೊಡುತ್ತೇನೆ. ನಮ್ಮದು ಹುಳಿ ಮಣ್ಣು, ಸುಣ್ಣ ಬೇಕು. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕುವುದಿಲ್ಲ, ನಡುವೆ ಕೆಲವು ವಾರ ಬಿಡುತ್ತೇನೆ.

ಹೂ ಬಾಡಿದ ಮೇಲೆ ಹಿತ್ತಲಿಗೆ ಬರುತ್ತೇನೆ. ಶುಂಠಿ, ಅರಿಶಿನದ ಏರಿಗೆ ಸಗಣಿ ಗೊಬ್ಬರ ಬೆರೆಸಿಡುವುದು, ಸೌತೆ ಬೀಜ ಹಾಕುವುದು. ಅಷ್ಟರಲ್ಲಿ ಮೊದಲ ನೀರಿಗೆ ಹದಿನೈದು ಇಪ್ಪತ್ತು ದಿನ ಆಗಿರುತ್ತದೆ. ಮಳೆ ಬಾರದಿದ್ದರೆ ಕಾಯಿ ನಿಲ್ಲಲು ಎರಡನೇ ನೀರು ಕೊಡಬೇಕು. ಮತ್ತೆ ನಾಲ್ಕು ಡಬ್ಬಿ ಹಿಡಿದು ತೋಟಕ್ಕೆ ಇಳಿಯುತ್ತೇನೆ.