ಶಾಲೆ ಕೆಪಿಎಸ್‌ಗೆ ಸೇರಿತೇ? ಮಗುವಿನ ದಾಖಲೆ ಸಾಗಿಸುವುದು ಹೀಗೆ

ಅಕ್ಕಪಕ್ಕದ ಸರ್ಕಾರಿ ಶಾಲೆಗಳನ್ನು ಒಂದೇ ಆವರಣಕ್ಕೆ ತಂದು, ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುವರೆಗೆ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳು (ಕೆಪಿಎಸ್) ಶುರುವಾದದ್ದು 2018-19ರಲ್ಲಿ. ನಗರದಂಚಿನ ಬಡಾವಣೆಗಳಲ್ಲಿ ಎಂಟನೇ ತರಗತಿಗೆ ಹೀಗೆ ಬಂದು ಸೇರುವ ಮಕ್ಕಳು ಬಹಳ. ವರ್ಗಾವಣೆ ಪತ್ರ (ಟಿಸಿ) ಕೈಗೆ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಪೋಷಕರಿಗೆ, ಮುಗಿದಿಲ್ಲವೆಂದು ತಿಳಿಯುವುದು ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ.

ಹಂತ 1: ಸರಿಯಾದ ಕೊಠಡಿಗೆ ಹೋಗಿ. ಆವರಣ ಒಂದೇ ಆದರೂ ಪ್ರಾಥಮಿಕಕ್ಕೆ ಮುಖ್ಯ ಶಿಕ್ಷಕರು, ಪ್ರೌಢಶಾಲೆಗೆ ಉಪ ಪ್ರಾಂಶುಪಾಲರು, ಪಿಯುಗೆ ಪ್ರಾಂಶುಪಾಲರು. ಎಂಟು, ಒಂಬತ್ತು, ಹತ್ತರ ದಾಖಲಾತಿ ಉಪ ಪ್ರಾಂಶುಪಾಲರ ಬಳಿ.

ಹಂತ 2: ಟಿಸಿ ಪಡೆಯಿರಿ. ಎಂಟನೇ ತರಗತಿವರೆಗೆ ಟಿಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 5ನೇ ಕಲಂ ಹಾಗೆನ್ನುತ್ತದೆ. ಸಿಕ್ಕ ಟಿಸಿಗೆ ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಮುಂದೆ ಅದರ ಮೇಲೆ ಮೊಹರು, ಷರಾ ಏನೂ ಹಾಕಲಾಗದು.

ಹಂತ 3: ಗಣಕದಲ್ಲಿನ ದಾಖಲೆ. ಹೆಚ್ಚಿನವರು ಎಡವುವುದು ಇಲ್ಲೇ. ಮಗು ಎರಡು ಕಡೆ ಇರುತ್ತದೆ: ವಿದ್ಯಾರ್ಥಿಗಳ ವಿವರ ಇಡುವ ರಾಜ್ಯದ ಜಾಲತಾಣ ಸ್ಯಾಟ್ಸ್‌ನಲ್ಲಿ ಮತ್ತು ಕೇಂದ್ರದ ಯುಡೈಸ್ ಪ್ಲಸ್‌ನಲ್ಲಿ. ಹಳೆಯ ಶಾಲೆ ಎರಡರಲ್ಲೂ ಬಿಡುಗಡೆ ಮಾಡಬೇಕು, ಹೊಸ ಶಾಲೆ ಎರಡರಲ್ಲೂ ಸೇರಿಸಿಕೊಳ್ಳಬೇಕು. ಸ್ಯಾಟ್ಸ್‌ಗೆ ಮಗುವಿನ ಸ್ಯಾಟ್ಸ್ ಸಂಖ್ಯೆ ಸಾಕು; ಯುಡೈಸ್‌ಗೆ ಮಗುವಿಗೆ ಕೊಟ್ಟಿರುವ 11 ಅಂಕಿಯ ಶಾಶ್ವತ ಶಿಕ್ಷಣ ಸಂಖ್ಯೆ (ಪೆನ್), ಜೊತೆಗೆ ಜನ್ಮ ದಿನಾಂಕ. ಶಾಲೆಯ ಯುಡೈಸ್ ಕೋಡ್ ಕೂಡ 11 ಅಂಕಿಯದೇ, ನಮ್ಮ ರಾಜ್ಯದ್ದಾದರೆ 29ರಿಂದ ಶುರು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದುಕೊಟ್ಟು ಅಲೆಯುವವರಿದ್ದಾರೆ. ಹಳೆಯ ಶಾಲೆ ಮುಚ್ಚುವುದಿದ್ದರೆ ಅದರ ಲಾಗಿನ್ ಚಾಲೂ ಇರುವಾಗಲೇ ಇದನ್ನು ಮುಗಿಸಿಕೊಳ್ಳಿ. ಇಲ್ಲವಾದರೆ ಬಿಡುಗಡೆ ಮಾಡುವವರೇ ಇಲ್ಲದೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಗೆ ಎಡತಾಕಬೇಕು. ಹೊಸ ಶಾಲೆಯವರು ‘ಆಯಿತು’ ಎಂದರೆ ಸಾಲದು, ಪರದೆಯಲ್ಲಿ ಮಗುವಿನ ಹೆಸರು ತೋರಿಸಲು ಕೇಳಿ. ಮೊಂಡುತನ ಅಂದರೂ ಪರವಾಗಿಲ್ಲ.

ಆ ಪರದೆಯೆದುರು ಐದು ಸಂಗತಿ ನೋಡಿ: ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜನ್ಮ ದಿನಾಂಕ, ಜಾತಿ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಓದಿ. ಇನಿಷಿಯಲ್ ಹಿಂದೆಮುಂದೆ ಆಗುವುದು, ‘ಲಕ್ಷ್ಮಿ’ಯ ಸ್ಪೆಲ್ಲಿಂಗ್ ಆಧಾರ್‌ನಲ್ಲಿ ಒಂದು, ಇಲ್ಲಿ ಇನ್ನೊಂದು ಆಗುವುದು ಮಾಮೂಲು. ಅಂಕಪಟ್ಟಿಗೆ ಹೋಗುವುದು ಶಾಲೆಯ ದಾಖಲೆಯ ಹೆಸರು. ದಾಖಲಾತಿ ವಹಿಯಲ್ಲಿ ಸರಿಯಿದ್ದು ಆಧಾರ್‌ನಲ್ಲಿ ತಪ್ಪಿದ್ದರೆ ಆಧಾರನ್ನೇ ತಿದ್ದಿಸಿ. ಆಧಾರ್‌ಗೆ ಹೊಂದಲಿ ಎಂದು ಶಾಲೆಯ ಹೆಸರು ಬದಲಿಸಬೇಡಿ. ಜನ್ಮ ದಿನಾಂಕ ತಪ್ಪಿದ್ದರೆ ಶಾಲೆಯ ಹಂತದಲ್ಲಿ ಮುಗಿಯುತ್ತದೆ ಎಂಬ ಆಸೆ ಬೇಡ, ಬಿಇಓ ಕಚೇರಿಗೆ ಈಗಲೇ ಅರ್ಜಿ ಕೊಡಿ.

ಸೈಬರ್ ಸೆಂಟರ್‌ನಲ್ಲಿ ‘ಸ್ಯಾಟ್ಸ್ ತಿದ್ದುಪಡಿ’ ಎಂಬ ಬೋರ್ಡ್ ಕಂಡರೆ ಹಣ ಕೊಡಬೇಡಿ. ಆ ಲಾಗಿನ್ ಇರುವುದು ಶಾಲೆ ಮತ್ತು ಇಲಾಖೆಯ ಬಳಿ. ಅಪಾರ್ ಎಂಬ ಕೇಂದ್ರದ ವಿದ್ಯಾರ್ಥಿ ಗುರುತಿನ ಸಂಖ್ಯೆಯ ಪ್ಲಾಸ್ಟಿಕ್ ಕಾರ್ಡೂ ವ್ಯರ್ಥ. 12 ಅಂಕಿ ಬರೆದಿಟ್ಟುಕೊಂಡರೆ ಸಾಕು.

ಹಂತ 4: ಭಾಷೆ, ಮಾಧ್ಯಮ. ಮಗು ಉರ್ದು ಅಥವಾ ತಮಿಳು ಮಾಧ್ಯಮದಿಂದ ಬಂದಿದ್ದರೆ, ಆ ಪ್ರಥಮ ಭಾಷೆಯ ಶಿಕ್ಷಕರು ಹೊಸ ಶಾಲೆಯಲ್ಲಿದ್ದಾರೆಯೇ ಎಂದು ದಾಖಲಾತಿಗೆ ಮುಂಚೆಯೇ ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಆಂಗ್ಲ ವಿಭಾಗ ಇದೆಯೆಂಬ ಒಂದೇ ಕಾರಣಕ್ಕೆ ಎಂಟರಲ್ಲಿ ಅಲ್ಲಿಗೆ ಹಾಕಬೇಡಿ. ವಿಜ್ಞಾನ, ಗಣಿತ ಎರಡೂ ಒಟ್ಟಿಗೆ ಭಾರವಾಗುತ್ತವೆ.

ಹಂತ 5: ವಿದ್ಯಾರ್ಥಿವೇತನ. ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ (ಎಸ್‌ಎಸ್‌ಪಿ) ಅರ್ಜಿಗೆ ಸ್ಯಾಟ್ಸ್ ಸಂಖ್ಯೆ, ಜಾತಿ-ಆದಾಯ ಪತ್ರದ ಮೇಲಿರುವ, ಆರ್‌ಡಿಯಿಂದ ಶುರುವಾಗುವ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು.

ಹಂತ 6: ಬಸ್ಸು. ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿದೆ; ಗಂಡುಮಕ್ಕಳ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಹಂತ 3 ಮುಗಿದ ಮೇಲೆ ಹಾಕುವುದು ಒಳಿತು, ಹಳೆಯ ಶಾಲೆಯ ಹೆಸರಲ್ಲಿ ಪಾಸು ಬಂದರೆ ಮಾರ್ಗ ಬೇರೆಯಾಗಿರುತ್ತದೆ.