ಸೈಲೆನ್ಸರ್ ತೂತಿಗೆ ಬೆಂಕಿ ಮುಟ್ಟಿಸದೆ ಹಾಕಿದ ತೇಪೆ

ಹೊಟ್ಟೆಯ ಕೆಳಗೆ ತೂತು ಬಿದ್ದ ಸೈಲೆನ್ಸರನ್ನು ವೆಲ್ಡಿಂಗ್ ಇಲ್ಲದೆ ಸರಿ ಮಾಡಬಹುದು ಅಂದಾಗ ದಾವಣಗೆರೆಯಲ್ಲಿ ನಮ್ಮ ಸಾಲಿನ ಗ್ಯಾರೇಜಿನವರು ಯಾರೂ ಒಪ್ಪಲಿಲ್ಲ. "ಮೆತ್ತಿದ್ದು ನಿಲ್ಲಂಗಿಲ್ಲ ಬಿಡಪ್ಪಾ, ಹೊಸಾದು ಹಾಕಿಸು ಅನ್ನು" ಅಂದರು. ಅಣಜಿ ಕಡೆಯ ರೈತರೊಬ್ಬರ 100 ಸಿಸಿ ಬೈಕಿಗೆ ನಾನು ಹಾಕಿದ ತೇಪೆ ಈಗ ಎರಡು ಮಳೆಗಾಲ ದಾಟಿ ಹಾಗೇ ಕೂತಿದೆ. ಆಮೇಲೆ ಅಂಥವು ಮೂವತ್ತರ ಹತ್ತಿರ ಮಾಡಿರಬೇಕು, ಬಿಟ್ಟುಬಂದದ್ದು ಮೂರೋ ನಾಲ್ಕೋ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಈ ಕೆಲಸ ಜಾಸ್ತಿ ಬರುತ್ತೆ. ಭದ್ರಾ ನಾಲೆಯ ಊರುಗಳವರು ಮನೆಯಿಂದ ಗದ್ದೆಗೆ ಹೋಗಿ ಮೋಟರ್ ಹಾಕಿ ವಾಪಸ್ ಬರುತ್ತಾರೆ, ಒಂದೆರಡು ಕಿಲೋಮೀಟರ್ ಅಷ್ಟೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಸೈಲೆನ್ಸರಿಗೆ ಬರುತ್ತೆ. ದೂರ ಓಡಿಸುವವರದ್ದು ಕಾದು ಹೊರಗೆ ಹೋಗುತ್ತೆ. ಇವರದ್ದು ಕಾಯುವ ಮೊದಲೇ ಬಂದ್ ಆಗಿ ಒಳಗೇ ತಣಿದು ತಳದಲ್ಲಿ ನಿಲ್ಲುತ್ತೆ. ಹೊರಗಿನಿಂದ ಗದ್ದೆಯ ಕೆಸರು ಮೆತ್ತಿಕೊಂಡು ಒಣಗುವುದೇ ಇಲ್ಲ. ಎರಡೂ ಕಡೆಯಿಂದ ತುಕ್ಕು. ಇದರ ಮೇಲೆ ಎಷ್ಟೋ ಜನ ಕಂಪನಿಯವರೇ ನೀರು ಇಳಿಯಲು ಬಿಟ್ಟ ಸಣ್ಣ ತೂತನ್ನು "ಲೀಕ್" ಅಂತ ಮುಚ್ಚಿಸಿರುತ್ತಾರೆ. ಅದನ್ನು ಮೊದಲು ಹುಡುಕಿ ತಂತಿ ಹಾಕಿ ಬಿಡಿಸಿ. ಅದು ಮುಚ್ಚಿದ್ದರೆ ಯಾವ ರಿಪೇರಿಯೂ ವರ್ಷ ಬಾಳಲ್ಲ.

ಮೊದಲು ಆರ್ಕ್ ವೆಲ್ಡಿಂಗ್‌ಗೆ ಕಳಿಸಿದ್ದೆ. ತಗಡು ಹೊಸದಿದ್ದಾಗಲೇ ಒಂದು ಮಿಲಿಮೀಟರ್ ಚಿಲ್ಲರೆ, ತುಕ್ಕು ತಿಂದ ಮೇಲೆ ಅದರರ್ಧವೂ ಇರಲ್ಲ. 2.5 ಎಂಎಂ ರಾಡಿನಲ್ಲಿ ಕರೆಂಟ್ ಎಷ್ಟು ಇಳಿಸಿದರೂ ತಗಡು ಕರಗಿ ಬಿತ್ತು. ಕಡಲೆ ಗಾತ್ರದ ತೂತು ಐದು ರೂಪಾಯಿ ನಾಣ್ಯದಷ್ಟಾಗಿ ಬಂತು, ಮೇಲೆ 150 ರೂಪಾಯಿ ಕೂಲಿ. ಗ್ಯಾಸಿನಲ್ಲಿ ಬಿಳಿಗಾರ ಹಾಕಿ ಹಿತ್ತಾಳೆ ತುಂಬಿಸಿದರೆ ಚೆನ್ನಾಗಿ ನಿಲ್ಲುತ್ತೆ, ಸುಳ್ಳು ಹೇಳಲ್ಲ. ಆದರೆ 300ರ ಹತ್ತಿರ ಕೇಳುತ್ತಾರೆ, ಸುತ್ತಲ ಬಣ್ಣ ಸುಡುತ್ತೆ, ಸಣ್ಣ ಕೆಲಸ ಅಂತ ಮೂರು ದಿನ ಮೂಲೆಯಲ್ಲಿ ಇಡುತ್ತಾರೆ. ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಮೇಣ ಟ್ಯಾಂಕಿಗೆ ಸರಿ, ಸೈಲೆನ್ಸರಿನಲ್ಲಿ ಮೆತ್ತಗಾಗಿ ಸುಟ್ಟ ವಾಸನೆ ಹೊಡೆದು ಉದುರಿತು. ಡಬ್ಬಿಯಲ್ಲಿ ಬರುವ ಎಗ್ಸಾಸ್ಟ್ ಪುಟ್ಟಿ ಸುಮಾರು 250 ರೂಪಾಯಿ. ಗಟ್ಟಿ ಆಗುತ್ತೆ, ಕಾವು ತಡೆಯುತ್ತೆ, ಆದರೆ ಗುಂಡಿ ರಸ್ತೆಯ ಅದುರಿಗೆ ಬಿರುಕು ಬಿಟ್ಟು ಹೋಳಾಗಿ ಬೀಳುತ್ತೆ. ಹೊಸ ಸೈಲೆನ್ಸರ್ ಕಂಪನಿಯದ್ದಾದರೆ ಮೂರೂವರೆ ಸಾವಿರದ ಆಸುಪಾಸು, ಲೋಕಲ್ 1500. ಲೋಕಲ್ ಹಾಕಿದರೆ ಮುಂದಿನ ಮಳೆಗಾಲಕ್ಕೇ ಮತ್ತೆ ಬರುತ್ತಾರೆ.

ಡಬ್ಬಿಯ ಪುಟ್ಟಿಯಲ್ಲಿ ಅಂಟು ಸೋಡಿಯಂ ಸಿಲಿಕೇಟ್ ಅಂತ ಗೊತ್ತಾದಾಗ ದಾರಿ ಸಿಕ್ಕಿತು. ಲೋಹದ ಎರಕ ಹೊಯ್ಯುವ ಫೌಂಡ್ರಿಗಳಲ್ಲಿ ಮರಳಿನ ಅಚ್ಚು ಕಟ್ಟುವುದೂ ಇದರಲ್ಲೇ. ಮರಳಿಗೆ ಕಲಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ನಿಂತಲ್ಲೇ ಬಿಗಿಯುತ್ತೆ. ಹರಿಹರದಲ್ಲಿ ಫೌಂಡ್ರಿ ಕೆಲಸ ಗೊತ್ತಿರುವ ಪರಿಚಯದವರಿಂದ ಎರಡು ಲೀಟರ್ ತಂದೆ, ಲೀಟರಿಗೆ ಅರವತ್ತೋ ಎಪ್ಪತ್ತೋ ಕೊಟ್ಟ ನೆನಪು. ಜೇನಿನಷ್ಟು ಮಂದ ಇರುತ್ತೆ. ಕ್ಷಾರ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಗಾಜಿನ ಮೇಲೆ ಬಿದ್ದು ಒಣಗಿದರೆ ಕಲೆ ಹೋಗಲ್ಲ.

ಅದಕ್ಕೆ ಏನು ಕಲಸಬೇಕು ಅನ್ನುವುದರಲ್ಲೇ ತಿಂಗಳುಗಳು ಹೋದವು. ಮಂಡಕ್ಕಿ ಭಟ್ಟಿಯ ಮರಳು ಪುಕ್ಕಟೆ ಸಿಗುತ್ತೆ ಅಂತ ಜರಡಿ ಹಿಡಿದು ಹಾಕಿ ನೋಡಿದೆ. ತಗಡಿಗೂ ಮರಳಿಗೂ ಕಾವಿಗೆ ಹಿಗ್ಗುವ ಲೆಕ್ಕ ಬೇರೆ, ನಾಲ್ಕು ಸಲ ಕಾದು ತಣಿದ ಮೇಲೆ ಪದರ ಎದ್ದಿತು. ಭತ್ತದ ಹೊಟ್ಟಿನ ಬೂದಿ ಹಾಕಿದರೆ ಹಗುರ, ನುಣುಪು, ನೋಡಲು ಚಂದ, ಆದರೆ ಉಗುರಲ್ಲಿ ಕೆರೆದರೆ ಪುಡಿ. ಕಲಾಯಿ ಹಾಕುವವರ ಹತ್ತಿರ ನವಸಾಗರ (ಅಮೋನಿಯಂ ಕ್ಲೋರೈಡ್) ತಂದು ಕಬ್ಬಿಣದ ಪುಡಿಗೆ ಸೇರಿಸುವ ಹಳೇ ಪೈಪ್ ಜಾಯಿಂಟಿನ ಪದ್ಧತಿಯನ್ನೂ ಮಾಡಿದೆ. ತುಕ್ಕು ಹಿಡಿದು ಉಬ್ಬಿ ಬಿಗಿಯುವುದೇ ಅದರ ಗುಣ, ದಪ್ಪ ಬೀಡಿನ, ಅಂದರೆ ಎರಕದ ಕಬ್ಬಿಣದ, ಪೈಪಿಗೆ ಅದು ಸರಿ. ತೆಳು ತಗಡನ್ನು ಅದೇ ತಿಂದುಹಾಕಿತು. ಕೊನೆಗೆ ಗೆದ್ದದ್ದು ಲೇತಿನ ಕೆಳಗೆ ಬೀಳುವ ಬೀಡು ಕಬ್ಬಿಣದ ಪುಡಿ. ಬೀಡು ಸುರುಳಿಯಾಗಿ ಬರಲ್ಲ, ಪುಡಿಯಾಗೇ ಉದುರುತ್ತೆ. ಬಟ್ಟೆಯಲ್ಲಿ ಸೋಸಿದ ನುಣುಪಾದದ್ದು ಎರಡು ಪಾಲು, ಚೀನೀ ಜೇಡಿ (ಬಿಳಿ ಜೇಡಿಮಣ್ಣು) ಅರ್ಧ ಪಾಲು, ಇಡ್ಲಿ ಹಿಟ್ಟಿನಷ್ಟು ಮಂದ ಬರುವವರೆಗೆ ಸಿಲಿಕೇಟ್. ಇನ್ನೊಂದು ವಸ್ತು ಚಿಟಿಕೆ ಬೀಳುತ್ತೆ, ಅದನ್ನು ಇಲ್ಲಿ ಬರೆಯಲ್ಲ. ಅದಿಲ್ಲದೆಯೂ ಕೆಲಸ ಆಗುತ್ತೆ, ಬಾಳಿಕೆ ಸ್ವಲ್ಪ ಕಡಿಮೆ.

ಬರೀ ಪೇಸ್ಟ್ ಸಾಲದು, ಬೆನ್ನಿಗೆ ತಗಡು ಬೇಕೇ ಬೇಕು. ಹಳೇ ಸ್ಟೀಲ್ ತಟ್ಟೆಯನ್ನು ತೂತಿನ ಸುತ್ತ ಒಂದಿಂಚು ಹೆಚ್ಚು ಬರುವಂತೆ ಕತ್ತರಿಸಿ, ಸೈಲೆನ್ಸರಿನ ಮೇಲೇ ತಟ್ಟಿ ಬಾಗಿಸುತ್ತೇನೆ. ಜಿಂಕ್ ತಗಡು ಬೇಡ. ತೂತಿನ ಸುತ್ತ ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿ ನೋಡಿ, ಒಳಗೆ ಹೋಗುವ ಜಾಗವೆಲ್ಲ ತೂತೇ ಅಂತ ಲೆಕ್ಕ. ಬಣ್ಣ, ತುಕ್ಕು ಹೋಗಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಒಸರುತ್ತಿರುತ್ತೆ, ಮೊದಲು ಒಳಗಿನ ಮಸಿ ಸುಟ್ಟು ತೆಗೆಯದೆ ಹಚ್ಚಿದರೆ ಅಂಟುವುದೇ ಇಲ್ಲ. ಉಜ್ಜಿದ ಜಾಗಕ್ಕೆ ಬರೀ ಸಿಲಿಕೇಟ್ ಒಂದು ಕೈ ಬಳಿದು, ಮೇಲೆ ಪೇಸ್ಟ್, ಮೇಲೆ ತಗಡು, ಎರಡೂ ತುದಿಗೆ ಪಂಪ್‌ಸೆಟ್ ಪೈಪಿನ ಸ್ಟೀಲ್ ಹೋಸ್ ಕ್ಲಿಪ್. ಸೈಲೆನ್ಸರ್ ಒಂದು ಕಡೆ ಸಣ್ಣಗಾಗುವಲ್ಲಿ ಕ್ಲಿಪ್ ಜಾರುತ್ತೆ. ಅದು ಜಾರದಂತೆ ನಿಲ್ಲಿಸುವ ಉಪಾಯ ನನ್ನ ಅಂಗಡಿಗೆ ಬಂದವರು ನೋಡಬಹುದು, ಅದನ್ನೂ ಬರೆಯಲ್ಲ.

ಇಷ್ಟಾದರೂ ಶುರುವಿನಲ್ಲಿ ಹಾಕಿದವು ಒಂದೊಂದಾಗಿ ಬಿಟ್ಟವು. ತೆಗೆದು ನೋಡಿದರೆ ಒಳಗೆಲ್ಲ ನೊರೆ, ಗುಳ್ಳೆ. ಸಿಲಿಕೇಟ್ ಹಸಿ ಇರುವಾಗಲೇ ಕಾವು ತಗುಲಿದರೆ ನೀರು ಆವಿಯಾಗಿ ಹಪ್ಪಳದಂತೆ ಉಬ್ಬುತ್ತೆ. ಬೇಗ ಬಿಗಿಯಲಿ ಅಂತ ಇಂಜಿನ್ ಚಾಲೂ ಮಾಡಿದರಂತೂ ಇನ್ನೂ ಕೆಡುತ್ತೆ. ಹೊಗೆಯಲ್ಲೇ ಕಾರ್ಬನ್ ಡೈಆಕ್ಸೈಡ್ ಇರುವುದರಿಂದ ಮೇಲ್ಮೈ ಚರ್ಮ ಕಟ್ಟುತ್ತೆ, ಒಳಗಿನ ನೀರಿಗೆ ದಾರಿ ಇಲ್ಲ. ನೆರಳಲ್ಲಿ ಒಂದು ರಾತ್ರಿ, ಮರುದಿನ ಪೂರ್ತಿ ಬಿಸಿಲು. ಚೈತ್ರ ವೈಶಾಖದ ದಾವಣಗೆರೆ ಬಿಸಿಲಾದರೆ ಅಷ್ಟೇ ಸಾಕು, ಮಳೆಗಾಲದಲ್ಲಿ ಎರಡು ದಿನ ಜಾಸ್ತಿ, ಪಕ್ಕದಲ್ಲಿ 100 ವ್ಯಾಟಿನ ಹಳೇ ಬಲ್ಬ್. ಆಮೇಲೆ ಎರಡು ನಿಮಿಷ ಐಡಲ್, ಬಂದ್, ಪೂರ್ತಿ ತಣಿಯಲಿ. ಮತ್ತೆ ಐದು ನಿಮಿಷ, ಮತ್ತೆ ತಣಿಯಲಿ. ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡಿ.

ಗುಳ್ಳೆ ನಿಂತ ಮೇಲೂ ಒಂದು ಕಾಟ ಉಳಿದಿತ್ತು. ಪರೀಕ್ಷೆ ಮಾಡಿ ಕಳಿಸಿದ್ದು ಮೊದಲ ದೊಡ್ಡ ಮಳೆಗೆ ಮೆತ್ತಗಾಗಿ ಬರುತ್ತಿತ್ತು, ಅದೂ ಹಳ್ಳಿಯ ಗಾಡಿಗಳದ್ದೇ. ಪೇಟೆಯ ಸೇಲ್ಸ್ ಹುಡುಗರ ಗಾಡಿಯಲ್ಲಿ ಅದೇ ಪೇಸ್ಟ್ ಅಲುಗಾಡಿರಲಿಲ್ಲ. ಬರೀ ಒಣಗಿದ ಸಿಲಿಕೇಟ್ ನೀರಿಗೆ ಮತ್ತೆ ಕರಗುತ್ತೆ, ಚೆನ್ನಾಗಿ ಕಾದು ಸುಟ್ಟದ್ದು ತಡೆಯುತ್ತೆ. ಗದ್ದೆಗೆ ಹೋಗಿ ಬರುವ ಒಂದೆರಡು ಕಿಲೋಮೀಟರಿನಲ್ಲಿ ಅದು ಎಂದೂ ಕಾಯುವುದೇ ಇಲ್ಲ. ತೂತು ಬೀಳಿಸಿದ್ದೂ ಅದೇ ಓಡಾಟ, ತೇಪೆ ಬಿಡಿಸಿದ್ದೂ ಅದೇ. ಅವತ್ತಿನಿಂದ ಪ್ರತಿ ಗಾಡಿಯನ್ನೂ ನಾನೇ ಹೈವೇಯಲ್ಲಿ ಆನಗೋಡಿನವರೆಗೆ ಓಡಿಸಿ ತರುತ್ತೇನೆ. ಹೋಗುವಾಗ ನಿಧಾನ, ಬರುವಾಗ ಐವತ್ತು ಅರವತ್ತರಲ್ಲಿ ನಿಲ್ಲಿಸದೆ. ಇದು ಶುರುವಾದ ಮೇಲೆ ಮಳೆಗೆ ಬಿಟ್ಟದ್ದು ಒಂದೂ ಇಲ್ಲ. ಮೊದಲು ನಕ್ಕಿದ್ದ ಗ್ಯಾಸ್ ವೆಲ್ಡಿಂಗ್ ಅಂಗಡಿಯವರೇ ಈಗ ತೆಳ್ಳಗಾದ ಸೈಲೆನ್ಸರ್ ಬಂದರೆ ನನ್ನ ಹತ್ತಿರ ಕಳಿಸುತ್ತಾರೆ.

ಖರ್ಚು ಹೇಳುತ್ತೇನೆ. ಎರಡು ಕ್ಲಿಪ್ಪಿಗೆ 60ರಿಂದ 80, ಪೇಸ್ಟ್ ಹತ್ತು ರೂಪಾಯಿಯೂ ಆಗಲ್ಲ, ತಟ್ಟೆ ಗುಜರಿಯದ್ದು, ಆನಗೋಡಿಗೆ ಪೆಟ್ರೋಲ್ 50. ನಾನು 250 ತಗೊಳ್ಳುತ್ತೇನೆ. ಪ್ರಯೋಗಕ್ಕೆ ಸುರಿದದ್ದು ಎರಡು ಸಾವಿರದ ಮೇಲೆ ಇರಬೇಕು, ಮೊದಲ ವರ್ಷದಲ್ಲೇ ವಾಪಸ್ ಬಂತು.

ಇಂಜಿನ್ ಹತ್ತಿರದ ಬೆಂಡ್ ಪೈಪಿಗೆ ಇದನ್ನು ಹಾಕಲ್ಲ. ಅಲ್ಲಿನ ಕಾವೂ ಅದುರೂ ಬೇರೆ, ಹಿತ್ತಾಳೆಯೋ ಟಿಗ್ ವೆಲ್ಡಿಂಗೋ ಆಗಬೇಕು. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ತೂತಿದ್ದರೆ ಹೊರಗಿನ ಗಾಳಿ ಎಳೆದು ಸೆನ್ಸರ್ ತಪ್ಪು ಲೆಕ್ಕ ಕೊಡುತ್ತೆ, ಮೈಲೇಜ್ ಹೋಗುತ್ತೆ. ಅಲ್ಲಿ ಕೂದಲೆಳೆ ಲೀಕ್ ಉಳಿದರೂ ನಡೆಯಲ್ಲ, ಅದನ್ನೂ ಒಪ್ಪಿಕೊಳ್ಳಲ್ಲ. ಸಂಜೆಯೊಳಗೆ ಗಾಡಿ ಬೇಕು ಅನ್ನುವವರಿಗೂ ಮಾಡಿಕೊಡಲ್ಲ. ಎರಡು ದಿನ ಬಿಟ್ಟುಹೋಗುವವರಿಗೆ ಮಾತ್ರ ಮಾಡುತ್ತೇನೆ.