ಕ್ಷಮಾದಾನದ ಕಡತ: ತಾರೀಕು ಜೋಡಿಸಿ ಓದಿದ ನನ್ನ ಅನುಭವ

ಬ್ರಿಟಿಷರ ಕಾಲದ ಗಲ್ಲು ಪ್ರಕರಣಗಳಲ್ಲಿ ಕ್ಷಮೆ ಸಿಗದ ಕಾರಣವನ್ನು ತೀರ್ಪಿನಲ್ಲಿ ಹುಡುಕಬೇಡಿ, ನಡೆದದ್ದರ ತಾರೀಕು ಜೋಡಿಸಿ ಅಂದಾಗ ಗೆಳೆಯರು ಒಪ್ಪಲಿಲ್ಲ. ತೀರ್ಪಿನಲ್ಲೇ ಎಲ್ಲ ಇದೆಯಲ್ಲ ಅಂದರು. ತೀರ್ಪಿನಲ್ಲಿ ಶಿಕ್ಷೆ ಯಾಕೆ ಅಂತ ಇರುತ್ತದೆ. ಕ್ಷಮೆ ಯಾಕೆ ಸಿಗಲಿಲ್ಲ ಅಂತ ಇರುವುದಿಲ್ಲ. ಆ ಗೆಳೆಯರಲ್ಲಿ ಕೆಲವರು ಈಗ ನನ್ನ ದಾರಿಯನ್ನೇ ಹಿಡಿದಿದ್ದಾರೆ.

ಮೊದಮೊದಲು ನಾನೂ ತೀರ್ಪುಗಳನ್ನೇ ಕೂಡಿಹಾಕಿದೆ. ಜೆರಾಕ್ಸು, ದೆಹಲಿ ರೈಲು, ಲಾಡ್ಜು ಸೇರಿ ಮೂವತ್ತು ಸಾವಿರದ ಆಸುಪಾಸು ಹೋಯಿತು. ಒಂದು ಕಡೆ ದುಡ್ಡು ಕಟ್ಟಿ ತರಿಸಿದ ಪ್ರತಿಗಳಲ್ಲಿ ಅರ್ಧಕ್ಕರ್ಧ ಕಪ್ಪಾಗಿದ್ದವು, ಅಧಿಕಾರಿಗಳು ಷರಾ (ಟಿಪ್ಪಣಿ) ಬರೆದ ಅಂಚೇ ಕತ್ತರಿಸಿಹೋಗಿತ್ತು. ನಮಗೆ ಬೇಕಾದದ್ದು ಆ ಅಂಚೇ ಅಲ್ವಾ? ತಾರೀಕುಗಳನ್ನು ಎಕ್ಸೆಲ್‌ನಲ್ಲಿ ಹಾಕಿದರೆ ಒಂದೇ ನೋಟಕ್ಕೆ ಸಿಗಲಿಲ್ಲ. ಕೊನೆಗೆ ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿ ನಾಲ್ಕು ಕಾಲಂ ಎಳೆದೆ: ಕೋರ್ಟು, ಅರ್ಜಿ, ಅಧಿಕಾರಿಗಳ ಪತ್ರ, ಹೊರಗಿನ ರಾಜಕೀಯ.

ಪೊಲೀಸ್ ಅಧಿಕಾರಿ ಸಾಂಡರ್ಸ್ ಕೊಲೆಯ ಲಾಹೋರ್ ಪ್ರಕರಣದಲ್ಲಿ ಇದು ಫಲ ಕೊಟ್ಟಿತು. ಭಗತ್ ಸಿಂಗ್, ರಾಜಗುರು, ಸುಖದೇವ್‌ಗೆ ಗಲ್ಲು ವಿಧಿಸಿದ್ದು 1930ರ ಅಕ್ಟೋಬರ್ 7ರಂದು. ಸುಗ್ರೀವಾಜ್ಞೆಯಿಂದ ಹುಟ್ಟಿದ ನ್ಯಾಯಮಂಡಳಿ, ಹೈಕೋರ್ಟಿಗೆ ಮೇಲ್ಮನವಿ ಇಲ್ಲ. 1931ರ ಫೆಬ್ರವರಿಯಲ್ಲಿ ಲಂಡನ್ನಿನ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ಲೂ ಕೈಬಿಟ್ಟಿತು. ಉಳಿದದ್ದು ವೈಸರಾಯ್ ಇರ್ವಿನ್. ಈಗ ನಾಲ್ಕನೇ ಕಾಲಂ ನೋಡಿ. ಮಾರ್ಚ್ 5ಕ್ಕೆ ಗಾಂಧಿ-ಇರ್ವಿನ್ ಒಪ್ಪಂದ, ತಿಂಗಳ ಕೊನೆಗೆ ಕರಾಚಿಯಲ್ಲಿ ಕಾಂಗ್ರೆಸ್ ಅಧಿವೇಶನ. ಕ್ಷಮಿಸಿದರೆ ಪಂಜಾಬಿನ ಪೊಲೀಸರಿಗೆ ಏನು ಹೇಳುವುದು? ಗಲ್ಲಿಗೇರಿಸಿದರೆ ಒಪ್ಪಂದದ ಗತಿ ಏನು? ಅಧಿವೇಶನ ಮುಗಿಯಲಿ ಅಂತ ಮುಂದೂಡಿದರೆ ಸುಳ್ಳು ಆಸೆ ಹುಟ್ಟಿಸಿದಂತೆ, ಆಮೇಲೆ ಕಾಂಗ್ರೆಸ್ಸಿನವರು ಮೋಸ ಅನ್ನುತ್ತಾರೆ. ಈ ಕೊನೆಯ ವಾದ ಮಾರ್ಚ್ 19ರಂದು ಗಾಂಧಿ ಜೊತೆಗಿನ ಭೇಟಿಯ ಬಗ್ಗೆ ಇರ್ವಿನ್ ತಾವೇ ಬರೆದಿಟ್ಟದ್ದು. ಭಗತ್ ಸಿಂಗ್ ಅಂತೂ ಕ್ಷಮೆ ಬೇಡಲೇ ಇಲ್ಲ. ನಾವು ಯುದ್ಧ ಕೈದಿಗಳು, ಗುಂಡಿಟ್ಟು ಕೊಲ್ಲಿ ಅಂತ ಪಂಜಾಬ್ ಗವರ್ನರ್‌ಗೆ ಬರೆದರು. ಮಾರ್ಚ್ 23ರ ಬೆಳಿಗ್ಗೆ ಗಾಂಧಿ ಇರ್ವಿನ್‌ಗೆ ಇನ್ನೊಂದು ಪತ್ರ ಬರೆದರು. ಅದೇ ಸಂಜೆ ಮೂವರನ್ನೂ ಗಲ್ಲಿಗೇರಿಸಿದರು.

ಸುಮ್ನೆ ಅದೇ ಹಾಳೆಗೆ 1930ರ ಸೊಲ್ಲಾಪುರ ಗಲಭೆಯ ಪ್ರಕರಣವನ್ನೂ ಸೇರಿಸಿದೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ್ದು 1931ರ ಜನವರಿ 12ರಂದು. ಗಾಂಧಿ ಜೈಲಿನಿಂದ ಹೊರಬಂದದ್ದು ಜನವರಿ 26ಕ್ಕೆ. ಸಂಧಾನಕ್ಕೆ ಕೂರುವ ಮೊದಲೇ ಮುಗಿಸಿಬಿಟ್ಟರು! ಇದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ತಾರೀಕಿಲ್ಲದ ಷರಾಗಳನ್ನು ಎಲ್ಲಿ ಕೂರಿಸುವುದು ಅಂತ ಜಾಸ್ತಿ ಜನ ಕೇಳುತ್ತಾರೆ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ಪುಸ್ತಕ ಬರುವವರೆಗೆ ಅದು ನನ್ನಲ್ಲೇ ಇರಲಿ.

ಈಗ ಕಯ್ಯೂರು ಹಿಡಿದಿದ್ದೇನೆ, 1941ರ ರೈತ ಹೋರಾಟದಲ್ಲಿ ಪೊಲೀಸನೊಬ್ಬ ಸತ್ತ ಪ್ರಕರಣ. ಆಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1943ರ ಮಾರ್ಚ್ 29ರಂದು, ಯುದ್ಧದ ನಡುವೆ, ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲಾಯಿತು. ಇನ್ನೊಬ್ಬ ವಯಸ್ಸು ಚಿಕ್ಕದೆಂದು ಉಳಿದ. ನಾಗಪುರ ಕಡೆಯ ಚಿಮೂರ್-ಆಷ್ಟಿಯದ್ದು 1942ರ ಕ್ವಿಟ್ ಇಂಡಿಯಾ ಚಳವಳಿಯ ಪ್ರಕರಣ, ಅಲ್ಲಿ ಕೊನೆಗೆ ಉಳಿದಿದ್ದವರ ಗಲ್ಲು 1945ರಲ್ಲಿ ತಪ್ಪಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಹೊಸ ಹಾಳೆ ಎಳೆಯುತ್ತಿದ್ದೇನೆ. ಮದ್ರಾಸ್, ನಾಗಪುರದ ಕಡತಗಳ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಕೊಡಿ, ಅಂಚು ಸರಿಯಾಗಿ ಬಂದಿರಬೇಕು. ಜೆರಾಕ್ಸ್ ಖರ್ಚು ನನ್ನದು.